ಮೂವತ್ತು ಲೋಟ ಕೋಕೋ

ಆ ದಿನ ಕೊಡೆಯಣ್ಣನನ್ನು ಎಬ್ಬಿಸಿದ್ದು ಅಲಾರಂ ಅಲ್ಲ, ಸೀನು. ಒಂದಲ್ಲ, ಸಾಲಾಗಿ ಏಳು. ಏಳನೆಯದು ಮುಗಿಯುವ ಹೊತ್ತಿಗೆ ಅವನಿಗೆ ಎರಡು ವಿಷಯ ಸ್ಪಷ್ಟವಾದವು: ಚಳಿಗಾಲದ ರಜೆಗೆ ಮುಂಚಿನ ಕೊನೆಯ ಕೆಲಸದ ದಿನ ಬಂದೇಬಿಟ್ಟಿದೆ, ಮತ್ತು ಅಡುಗೆಮನೆಯಲ್ಲಿ ಮಾವ ಇದ್ದಾರೆ.

ಮಾವ ನಲವತ್ತು ವರ್ಷ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದವರು. ನಿವೃತ್ತರಾಗಿ ಮಗಳ ಮನೆ ಸೇರಿದ ಮೇಲೆ ಔಷಧಿ ಕಲಸುವುದನ್ನು ಬಿಟ್ಟಿದ್ದರು. ಕೈ ಮಾತ್ರ ಕಲಸುವುದನ್ನು ಬಿಟ್ಟಿರಲಿಲ್ಲ.

"ಮಾವ, ಏನು ಮಾಡ್ತಿದ್ದೀರಿ?"

"ಕೋಕೋ, ಅಳಿಯಂದಿರೇ. ನಿಮ್ಮ ಆಫೀಸಿಗೆ." ಅವರು ಅಳತೆಯ ಗಾಜಿನ ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿದರು. "ಹಾಲು, ಸಕ್ಕರೆ, ಕೋಕೋ."

"ಅಷ್ಟೇನಾ?"

"ಅಷ್ಟೇ. ಮತ್ತೆ ಕೆಮ್ಮಿಗೆ ಸ್ವಲ್ಪ ಶುಂಠಿ. ಕಫಕ್ಕೆ ಕಾಳುಮೆಣಸು. ಹಲ್ಲುನೋವು ಯಾರಿಗಾದ್ರೂ ಇರಬಹುದು ಅಂತ ಲವಂಗ. ಮೂಗು ಬಿಡ್ಲಿ ಅಂತ ಪುದೀನ ಅರ್ಕ, ಆರೇ ಹನಿ. ತಲೆಗೆ ನಾಲ್ಕು ಲೋಟದ ಹಾಗೆ ಏಳು ಜನಕ್ಕೆ ಇಪ್ಪತ್ತೆಂಟು. ಚೆಲ್ಲೋದಕ್ಕೆ ಎರಡು. ಒಟ್ಟು ಮೂವತ್ತು."

"ನಾಲ್ಕು ಲೋಟ ಯಾಕೆ ಮಾವ?"

"ತಿಂಡಿಗೆ ಮುಂಚೆ ಒಂದು, ಆದ ಮೇಲೆ ಒಂದು, ಊಟಕ್ಕೆ ಮುಂಚೆ ಒಂದು, ಆದ ಮೇಲೆ ಒಂದು," ಎಂದರು ಮಾವ, ಇಷ್ಟೂ ಗೊತ್ತಿಲ್ಲವೇ ಎನ್ನುವ ಹಾಗೆ.

ಕೊಡೆಯಣ್ಣ ಗಾಬರಿಯಾದ. ಅದಕ್ಕೆ ಕಾರಣವಿತ್ತು.

ಅವನು ಕೆಲಸ ಮಾಡುತ್ತಿದ್ದದ್ದು ಬಸ್ಸು ರೈಲುಗಳಲ್ಲಿ ಜನ ಮರೆತುಹೋದ ಸಾಮಾನುಗಳನ್ನು ಇಟ್ಟುಕೊಂಡು ಕಾಯುವ ಕಚೇರಿಯಲ್ಲಿ. ಹದಿಮೂರು ವರ್ಷದಿಂದ ಕೊಡೆಗಳ ವಿಭಾಗ ನೋಡಿಕೊಳ್ಳುತ್ತಿದ್ದುದರಿಂದ ಆ ಹೆಸರು. ಹತ್ತು ದಿನದ ಚಳಿಗಾಲದ ರಜೆಯಲ್ಲೂ ಆ ಕಚೇರಿ ಮುಚ್ಚುವ ಹಾಗಿಲ್ಲ. ರಜೆಯಲ್ಲೇ ಅಲ್ಲವೇ ಜನ ಹೆಚ್ಚು ಓಡಾಡುವುದು, ಹೆಚ್ಚು ಮರೆಯುವುದು? ಒಬ್ಬರು ಕೌಂಟರಿನಲ್ಲಿ ಕೂರಲೇಬೇಕು. ಆ ಒಬ್ಬರು ಯಾರು ಎಂದು ಪ್ರತಿ ವರ್ಷ ಜಗಳವಾಗಿ, ಒಮ್ಮೆ ಕೌಂಟರಿನ ಗಂಟೆಯೇ ಕಿತ್ತುಬಂದ ಮೇಲೆ, ಸಾಹೇಬರು ಒಂದು ನಿಯಮ ಮಾಡಿದ್ದರು. ಕೊನೆಯ ದಿನ ಪ್ರತಿಯೊಬ್ಬರೂ ಮನೆಯಲ್ಲೇ ಮಾಡಿದ ಚಳಿಗಾಲದ ತಿಂಡಿಯನ್ನೋ ಪಾನೀಯವನ್ನೋ ತರಬೇಕು. ಎಲ್ಲವನ್ನೂ ಹಿಂದಿನ ಕೋಣೆಯ ಮೇಜಿನ ಮೇಲಿಡಬೇಕು. ಬೇಕಾದವರು ಬೇಕಾದಾಗ ಹೋಗಿ ತಿನ್ನಬಹುದು. ಸಂಜೆ ನಾಲ್ಕಕ್ಕೆ ಸಾಹೇಬರು ಮುಚ್ಚಳಗಳನ್ನು ತೆಗೆದು ನೋಡುತ್ತಾರೆ. ಯಾರದು ಹೆಚ್ಚು ಉಳಿದಿದೆಯೋ ಅವರು ರಜೆಯ ಪಾಳಿಗೆ.

ಮೊದಲ ವರ್ಷ ಮಾವ ಸೂಪು ಮಾಡಿಕೊಟ್ಟರು. ಎರಡನೆಯ ವರ್ಷ ಕೇಕು. ಮೂರನೆಯ ವರ್ಷ ಶುಂಠಿ ಮಿಠಾಯಿ. ಮೂರು ವರ್ಷವೂ ಕೊಡೆಯಣ್ಣ ಒಬ್ಬನೇ ಕೌಂಟರಿನಲ್ಲಿ ಕೂತ. ಹೆಂಡತಿ, ಮಗಳು ಮತ್ತು ಮಾವ ಬೆಟ್ಟಕ್ಕೆ ಹೋಗಿ ಹಿಮದಲ್ಲಿ ಆಡಿ ಬಂದರು.

"ರೀ," ಎಂದಳು ಹೆಂಡತಿ, ಅವನ ಕೈಗೆ ಬಿಸಿ ಆರದ ದೊಡ್ಡ ಕ್ಯಾನನ್ನು ಕೊಡುತ್ತಾ, "ನಾಳೆ ಬೆಳಿಗ್ಗೆ ಆರಕ್ಕೆ ರೈಲು. ಈ ಸಲ ನೀವು ಬರಲೇಬೇಕು. ಹೋದ ವರ್ಷದ ಫೋಟೋದಲ್ಲಿ ನಾನು ಹಿಮದ ಬೊಂಬೆ ಪಕ್ಕ ನಿಂತಿದ್ದೀನಲ್ಲ, ನೋಡಿದವರೆಲ್ಲ ಇವರೇನಾ ನಿಮ್ಮ ಯಜಮಾನ್ರು ಅಂತ ಕೇಳ್ತಾರೆ."

"ಬರ್ತೀನಿ ಕಣೇ."

"ಮಗಳು ಹೌದು ಅಂದುಬಿಟ್ಟಿದ್ದಾಳೆ ಒಂದಿಬ್ಬರಿಗೆ."

ಬಸ್ಸಿನಲ್ಲಿ ಅವನ ಅಕ್ಕಪಕ್ಕದವರು ಆ ಕೊರೆಯುವ ಚಳಿಯಲ್ಲೂ ಕಿಟಕಿ ತೆರೆದರು. ಇಳಿಯುವಾಗ ಕಂಡಕ್ಟರ್ ಮೆಲ್ಲಗೆ, "ಮನೇಲಿ ಯಾರಿಗೆ ಹುಷಾರಿಲ್ಲ?" ಎಂದು ವಿಚಾರಿಸಿದ.

ಕಚೇರಿಯ ಹಿಂದಿನ ಕೋಣೆಯಲ್ಲಿ ಮೇಜು ತುಂಬಿತ್ತು. ಟೈಪಿಸ್ಟ್ ಅಕ್ಕನ ಒಣದ್ರಾಕ್ಷಿ ಕೇಕು, ಸಾಹೇಬರು ತಂದ ಹುರಿದ ಬೀಜಗಳು, ಬೀಗದ ಕೈಗಳ ವಿಭಾಗದ ಕೀಲಿ ಮಾಮನ ಶುಂಠಿ ಬಿಸ್ಕತ್ತು, ಉಳಿದ ಮೂವರ ಡಬ್ಬಗಳು. ಕೀಲಿ ಮಾಮನ ಬಿಸ್ಕತ್ತೆಂದರೆ ಪ್ರತಿ ವರ್ಷ ಹನ್ನೊಂದು ಗಂಟೆಗೆಲ್ಲ ಡಬ್ಬ ನೆಕ್ಕಿ ಇಟ್ಟ ಹಾಗೆ ಖಾಲಿ. ಕೊಡೆಯಣ್ಣ ಒಂದನ್ನು ಬಾಯಿಗಿಟ್ಟ. ಹಲ್ಲು ಜುಮ್ಮೆಂದಿತು. ಬಿಸ್ಕತ್ತು ಜಗ್ಗಲಿಲ್ಲ, ಅದನ್ನು ಮೆಲ್ಲಗೆ ಡಬ್ಬಕ್ಕೇ ವಾಪಸ್ಸಿಟ್ಟ.

"ಏನು ಮಾಮ, ಈ ಸಲ ಸ್ವಲ್ಪ ಗಟ್ಟಿ?"

"ಒಲೆ ಕೈಕೊಟ್ಟಿತು ಮಾರಾಯ," ಎಂದ ಕೀಲಿ ಮಾಮ. ಆದರೆ ಅವನ ಮುಖದಲ್ಲಿ ಒಲೆ ಕೈಕೊಟ್ಟವನ ದುಃಖವೇನೂ ಇರಲಿಲ್ಲ.

ಕೊಡೆಯಣ್ಣನ ಮನಸ್ಸು ಹಕ್ಕಿಯಾಯಿತು. ಈ ಕಲ್ಲುಗಳು ಉಳಿಯುವುದು ಖಂಡಿತ! ಹತ್ತೂವರೆಗೆ ಹೋಗಿ ನೋಡಿದ. ತನ್ನ ಕ್ಯಾನು ತುಂಬಿತ್ತು. ಹನ್ನೊಂದಕ್ಕೆ ನೋಡಿದ; ತುಂಬಿಯೇ ಇತ್ತು. ಹನ್ನೊಂದೂವರೆಗೆ ನೋಡಿದಾಗ ಹೆಚ್ಚೇ ತುಂಬಿದ ಹಾಗೆ ಕಂಡಿತು. ಟೈಪಿಸ್ಟ್ ಅಕ್ಕ ಒಳಗೆ ಬಂದು ಬಿಸ್ಕತ್ತು ಬಿಟ್ಟು ಉಳಿದ ಡಬ್ಬಗಳಿಂದ ಚೂರುಚೂರು ತೆಗೆದುಕೊಂಡು, ಕ್ಯಾನಿನ ಹತ್ತಿರ ಬಂದವಳು ಸೀರೆ ಸೆರಗು ಎಳೆದುಕೊಂಡು ಪಕ್ಕಕ್ಕೆ ಸರಿದುಹೋದಳು.

"ಅಕ್ಕ, ಒಂದೇ ಒಂದು ಲೋಟ..."

"ಅಯ್ಯೋ ಬೇಡಪ್ಪ! ನಿಂದನ್ನ ನಾವು ಮುಟ್ಟೋದೇ ಇಲ್ಲ," ಎಂದಳು, ಎಷ್ಟು ಪ್ರೀತಿಯಿಂದ ಅಂದಳೆಂದರೆ ಕೊಡೆಯಣ್ಣನಿಗೆ ಅಳು ಬಂತು.

ಇನ್ನು ತಡಮಾಡಿ ಪ್ರಯೋಜನವಿಲ್ಲ ಅನ್ನಿಸಿತು. ಬಾಗಿಲು ಹಾಕಿ, ಕ್ಯಾನಿನ ನಲ್ಲಿ ತಿರುಗಿಸಿ ಒಂದು ಲೋಟ ಹಿಡಿದು ಮೂಲೆಯ ಸಿಂಕಿಗೆ ಸುರಿದ. ಮಾವನ ಕೋಕೋ ಸಿಂಕಿನ ತೂತಿನ ಮೇಲೆ ಕೂತುಕೊಂಡಿತು. ಕೆಳಗೆ ಇಳಿಯುವ ಯಾವ ಉತ್ಸಾಹವನ್ನೂ ತೋರಿಸಲಿಲ್ಲ. ಬೆರಳಿನಿಂದ ತಳ್ಳಿದ, ಬೆರಳು ಇಳಿಯಿತು, ಕೋಕೋ ಇಳಿಯಲಿಲ್ಲ. ಕಿಟಕಿಯಿಂದ ಚೆಲ್ಲೋಣವೆಂದರೆ ಕೆಳಗೆ ಸಾಹೇಬರ ಬಿಳಿ ಕಾರು. ಇನ್ನು ಇಪ್ಪತ್ತೊಂಬತ್ತು ಲೋಟ ಉಳಿದಿವೆ.

ಆಗ ಅವನ ಕಣ್ಣು ಕಪಾಟುಗಳ ಮೇಲೆ ಬಿತ್ತು. ಊರಿನವರೆಲ್ಲ ಮರೆತ ಸಾಮಾನು ಅಲ್ಲಿ ಸಾಲಾಗಿ ಕೂತಿತ್ತು. ತಿಂಗಳುಗಟ್ಟಲೆ ಯಾರೂ ಕೇಳಿ ಬಾರದವು. ನಾಲ್ಕು ಫ್ಲಾಸ್ಕು, ಒಂದು ರಬ್ಬರಿನ ಬಿಸಿನೀರಿನ ಚೀಲ, ಮೊಣಕಾಲವರೆಗೆ ಬರುವ ಒಂದು ಜೊತೆ ರಬ್ಬರ್ ಬೂಟು.

ಕಾಲು ಗಂಟೆಯಲ್ಲಿ ಕ್ಯಾನು ಖಾಲಿಯಾಯಿತು. ನಾಳೆ ರೈಲು ಹತ್ತಿದ ಮೇಲೆ ಇವು ಏನಾದರೂ ಆಗಲಿ!

ಹನ್ನೆರಡೂವರೆಗೆ ಮಫ್ಲರ್ ಸುತ್ತಿಕೊಂಡ ಮುದುಕರೊಬ್ಬರು ಕೌಂಟರಿಗೆ ಬಂದರು. "ದಾದು ಫ್ಲಾಸ್ಕ್ ಬರೆತಿದ್ದೆ. ಒಬ್ಬತ್ತು ತಿಗಳು ಆಯ್ತು," ಎಂದರು ಮೂಗಿನಲ್ಲೇ. ನೆಗಡಿಯಿಂದ ಅವರ ಮೂಗು ಪೂರ್ತಿ ಕಟ್ಟಿಹೋಗಿತ್ತು. ಕೊಡೆಯಣ್ಣ ಬಾಯಿ ತೆರೆಯುವ ಮೊದಲೇ ಟೈಪಿಸ್ಟ್ ಅಕ್ಕ ಒಳಗಿನಿಂದ ಹಸಿರು ಫ್ಲಾಸ್ಕು ತಂದು ಕೊಟ್ಟಾಗಿತ್ತು.

ಮುದುಕರು ಮುಚ್ಚಳ ತಿರುಗಿಸಿದರು. ಹಬೆ ಬಂತು. ಒಳಗೆ ನೋಡಿದರು, ಕೊಡೆಯಣ್ಣನನ್ನು ನೋಡಿದರು, ಮತ್ತೆ ಒಳಗೆ ನೋಡಿದರು.

"ಬಿಸಿ ಇದೆ!"

"ಒಳ್ಳೇ ಕಂಪನಿ ಫ್ಲಾಸ್ಕು," ಎಂದ ಕೊಡೆಯಣ್ಣ ತೊದಲುತ್ತ.

"ಒಬ್ಬತ್ತು ತಿಗಳು!" ಮುದುಕರು ಒಂದು ಗುಟುಕು ಕುಡಿದರು. ಅವರ ಕಣ್ಣು ದೊಡ್ಡವಾದವು, ಕಿವಿ ಕೆಂಪಾದವು. ಒಳಗೆಲ್ಲೋ ಬಾಗಿಲು ಕಿತ್ತುಬಂದಂತಹ ಸದ್ದಾಯಿತು. ಆಮೇಲೆ ಅವರು ಗಾಳಿಯನ್ನು ಮೂಗಿನಿಂದ ನಿಧಾನವಾಗಿ, ಸಂಭ್ರಮದಿಂದ ಎಳೆದುಕೊಂಡರು. "ಮೂಗು ಬಿಟ್ಟಿತು! ಮಳೆಗಾಲದಿಂದ ಕಟ್ಟಿಕೊಂಡಿದ್ದ ಮೂಗು! ನಾನು ಏನು ತುಂಬಿಸಿಟ್ಟಿದ್ದೆ ಅನ್ನೋದೇ ಮರೆತುಹೋಗಿದೆ, ಆದರೆ ಹಳೇದಾದಷ್ಟೂ ಗುಣ ಬಂದಿದೆ ನೋಡಿ!"

ಅವರು ಬೀದಿಗಿಳಿದು ಸಿಕ್ಕವರಿಗೆಲ್ಲ ಹೇಳಿರಬೇಕು. ಒಂದು ಗಂಟೆಗೆ ಬೂಟಿನವನು ಬಂದ. ಮೀನು ಮಾರುವವನು, ಅವಸರದ ಮನುಷ್ಯ. ಕೌಂಟರಿನ ಮುಂದೆ ನಿಂತಲ್ಲೇ ಹಳೆಯ ಚಪ್ಪಲಿ ಬಿಟ್ಟು ಬಲಗಾಲನ್ನು ಬೂಟಿನೊಳಗೆ ಇಳಿಸಿದ. ಕೊಡೆಯಣ್ಣ ಕಣ್ಣು ಮುಚ್ಚಿಕೊಂಡ.

"ಅಯ್ಯಯ್ಯೋ!"

ಕೊಡೆಯಣ್ಣ ಒಂದು ಕಣ್ಣು ತೆರೆದ. ಮೀನಿನವನು ಧ್ಯಾನಕ್ಕೆ ಕೂತವನ ಹಾಗೆ ಮೇಲೆ ನೋಡುತ್ತಿದ್ದ. "ಅಬ್ಬಬ್ಬಾ... ಐಸಿನ ಮೇಲೆ ನಿಂತು ನಿಂತು ಈ ಪಾದ ಇದೆ ಅನ್ನೋದೇ ಮರೆತಿದ್ದೆ ಸ್ವಾಮಿ." ಎಡಗಾಲನ್ನೂ ಇಳಿಸಿದ. ಪಚಕ್ ಪಚಕ್ ಎಂದು ಹೆಜ್ಜೆಗೊಮ್ಮೆ ಸದ್ದು ಮಾಡುತ್ತ, ಹೆಜ್ಜೆಗೊಮ್ಮೆ ಆಹಾ ಎನ್ನುತ್ತ ಹೋದ. ನೆಲದ ಮೇಲೆ ಕಂದು ಚುಕ್ಕೆಗಳ ಸಾಲು ಉಳಿಯಿತು. ಕೊಡೆಯಣ್ಣ ಅದನ್ನು ಕರವಸ್ತ್ರದಿಂದ ಒರೆಸಿದ.

ಎರಡಕ್ಕೆ ಬಾಗಿಲಿನಿಂದ ಬೀದಿಯವರೆಗೆ ಸಾಲು. ಮೂರೂವರೆಯ ಹೊತ್ತಿಗೆ ಉಳಿದ ಮೂರು ಫ್ಲಾಸ್ಕು, ಬಿಸಿನೀರಿನ ಚೀಲ, ಎಲ್ಲಕ್ಕೂ ವಾರಸುದಾರರು ಹುಟ್ಟಿಕೊಂಡು ಸಹಿ ಹಾಕಿ ಒಯ್ದರು. ಬಿಸಿನೀರಿನ ಚೀಲವನ್ನು ಸೊಂಟಕ್ಕೆ ಒತ್ತಿಕೊಂಡ ಅಜ್ಜಿ, "ನಿನ್ನ ಹೊಟ್ಟೆ ತಣ್ಣಗಿರಲಪ್ಪ," ಎಂದು ಕೊಡೆಯಣ್ಣನ ತಲೆ ಸವರಿ ಹೋದಳು.

ಅವನಿಗೆ ನಂಬಲಿಕ್ಕೇ ಆಗಲಿಲ್ಲ. ಕ್ಯಾನು ಖಾಲಿ, ಕುರುಹೂ ಖಾಲಿ. ರೈಲಿನ ಕಿಟಕಿ ಪಕ್ಕದ ಸೀಟು, ಬಿಳಿ ಬೆಟ್ಟ, ಫೋಟೋದಲ್ಲಿ ಹೆಂಡತಿಯ ಪಕ್ಕ ಜೀವಂತ ಗಂಡ!

ನಾಲ್ಕಕ್ಕೆ ಸಾಹೇಬರು ಎಲ್ಲರನ್ನೂ ಮೇಜಿನ ಸುತ್ತ ನಿಲ್ಲಿಸಿದರು. ಅವರ ಮುಖ ಕೇಕಿನ ಮೇಲಿನ ಸಕ್ಕರೆಯ ಹಾಗೆ ಹೊಳೆಯುತ್ತಿತ್ತು.

"ಕೊಡೆಯಣ್ಣ, ಮುಂದೆ ಬಾ. ನಿನಗೆ ಗೊತ್ತಿಲ್ಲದ ಒಂದು ವಿಷಯ. ನಿನ್ನೆ ನೀನು ಮನೆಗೆ ಹೋದ ಮೇಲೆ ಇವರೆಲ್ಲ ನನ್ನ ಕೋಣೆಗೆ ಬಂದಿದ್ದರು. ಮೂರು ವರ್ಷದಿಂದ ಪಾಪ ಅವನೊಬ್ಬನೇ ಕೂರ್ತಿದ್ದಾನೆ, ಇದು ಅನ್ಯಾಯ ಅಂದ್ರು. ನಿನ್ನ ಡಬ್ಬ ಯಾವತ್ತೂ ಖಾಲಿಯಾಗಲ್ಲ ಅಂತ ಎಲ್ಲರಿಗೂ ಗೊತ್ತಲ್ಲ. ಅದಕ್ಕೇ ಈ ವರ್ಷ ನಿಯಮ ತಿರುಗಿಸಿದ್ದೀವಿ!"

"ತಿರುಗಿಸಿ...?"

"ಯಾರದು ಹೆಚ್ಚು ಖಾಲಿಯೋ ಅವರು ಪಾಳಿಗೆ. ನಿನಗೆ ಹೇಳಬಾರದು, ಖುಷಿ ಆಗ್ಲಿ ಅಂತ ಗುಟ್ಟಾಗಿ ಇಟ್ಟುಕೊಂಡಿದ್ವಿ."

"ಅದಕ್ಕೇ ನಾನು ಕಲ್ಲು ಬೇಯಿಸಿ ತಂದಿದ್ದು," ಎಂದ ಕೀಲಿ ಮಾಮ ಹೆಮ್ಮೆಯಿಂದ. "ನಿನ್ನ ಕೋಕೋನ ಒಂದು ತೊಟ್ಟೂ ಮುಟ್ಟಲ್ಲ ಅಂತ ಆರು ಜನವೂ ಆಣೆ ಮಾಡಿದ್ವಿ."

"ಅದೇನು ಕಷ್ಟದ ಆಣೆ ಆಗಿರಲಿಲ್ಲ ಬಿಡು," ಎಂದಳು ಟೈಪಿಸ್ಟ್ ಅಕ್ಕ.

ಸಾಹೇಬರು ಮುಚ್ಚಳಗಳನ್ನು ತೆಗೆಯುತ್ತ ಬಂದರು. ಕೇಕು ಮುಕ್ಕಾಲು ಉಳಿದಿತ್ತು. ಬೀಜಗಳು ಅರ್ಧಕ್ಕಿಂತ ಹೆಚ್ಚು. ಬಿಸ್ಕತ್ತು ಎಣಿಸಿದರೆ ಒಂದೂ ಕಡಿಮೆಯಿಲ್ಲ, ಒಂದರ ಮೇಲೆ ಮಾತ್ರ ಹಲ್ಲಿನ ಗುರುತು. ಕೊನೆಗೆ ಕ್ಯಾನಿನ ಮುಚ್ಚಳ ತೆಗೆದು ಒಳಗೆ ಬಗ್ಗಿದರು. ಎಷ್ಟು ಹೊತ್ತಾದರೂ ತಲೆ ಮೇಲೆತ್ತಲಿಲ್ಲ.

"ಖಾಲಿ," ಎಂದಿತು ಕ್ಯಾನಿನೊಳಗಿನಿಂದ ಅವರ ದನಿ.

ಆರು ಜನ ಒಬ್ಬರನ್ನೊಬ್ಬರು ನೋಡಿಕೊಂಡರು. "ಯಾರ್ರೀ ಕುಡಿದವರು?" ಎಂದಳು ಟೈಪಿಸ್ಟ್ ಅಕ್ಕ. "ಮೂವತ್ತು ಲೋಟ! ಮಾಮ, ನೀವು ಎರಡು ಸಲ ಒಳಗೆ ಹೋಗಿದ್ರಿ."

"ನನ್ನ ನಾಲಿಗೆ ನೋಡು ಬೇಕಾದ್ರೆ!" ಕೀಲಿ ಮಾಮ ನಾಲಿಗೆ ಹೊರಚಾಚಿದ. ಮಿಕ್ಕವರೂ ಚಾಚಿದರು. ಸಾಹೇಬರು ಕನ್ನಡಕ ಏರಿಸಿ ಆರು ನಾಲಿಗೆಗಳ ಸಾಲನ್ನು ಪರೀಕ್ಷೆ ಮಾಡಿದರು. ಆರನೆಯದು ಅವರದೇ, ಅದಕ್ಕೆ ಗೋಡೆಯ ಕನ್ನಡಿ ಬೇಕಾಯಿತು.

"ಸರ್, ಯಾರೂ ಕುಡೀಲಿಲ್ಲ!" ಕೊಡೆಯಣ್ಣ ಕೂಗಿದ. "ನಾನೇ ಸುರಿದೆ!"

"ಎಲ್ಲಿಗೆ?"

"ಫ್ಲಾಸ್ಕಿಗೆ ಸರ್. ಬಿಸಿನೀರಿನ ಚೀಲಕ್ಕೆ. ಬೂಟಿಗೆ."

ಟೈಪಿಸ್ಟ್ ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ನೋಡಿ ಸರ್, ನಮ್ಮಲ್ಲಿ ಯಾರೋ ಒಬ್ಬರು ಕದ್ದು ಕುಡಿದರೂ ಅವರನ್ನ ಕಾಪಾಡೋಕೆ ಏನೇನೋ ಕಥೆ ಕಟ್ತಿದ್ದಾನೆ. ಬೂಟಂತೆ!"

"ನಿಜ ಅಕ್ಕ! ಬನ್ನಿ, ತೋರಿಸ್ತೀನಿ!" ಅವನು ಕಪಾಟಿಗೆ ಓಡಿದ. ಧೂಳಿನ ನಡುವೆ ನಾಲ್ಕು ದುಂಡು ಗುರುತು, ಒಂದು ಚೀಲದ ಗುರುತು, ಎರಡು ಪಾದದ ಗುರುತು. ಅಷ್ಟೇ. ಒಂದು ಲೋಟ ಸಿಂಕಿನಲ್ಲಾದರೂ ಇರಬೇಕೆಂದು ಅಲ್ಲಿಗೆ ಓಡಿದ. ಅಷ್ಟು ಹೊತ್ತು ಹಟ ಹಿಡಿದು ಕೂತಿದ್ದ ಕೋಕೋ ಯಾವಾಗಲೋ ಸದ್ದಿಲ್ಲದೆ ಇಳಿದುಹೋಗಿತ್ತು.

ಸಾಹೇಬರು ಅವನ ಹೆಗಲ ಮೇಲೆ ಕೈಯಿಟ್ಟರು. "ದೊಡ್ಡ ಮನಸ್ಸಪ್ಪ ನಿಂದು. ಆದರೆ ನಿಯಮ ನಿಯಮವೇ." ಹೀಗೆಂದು ಕಚೇರಿಯ ಬೀಗದ ಕೈಗೊಂಚಲನ್ನು ಅವನ ಕೈಯಲ್ಲಿಟ್ಟು ಬೆರಳುಗಳನ್ನು ಒಂದೊಂದಾಗಿ ಮಡಿಸಿದರು.

ಎಲ್ಲರೂ ಹೊರಟ ಮೇಲೆ ಅವನು ಕೌಂಟರಿನ ಫೋನಿನಿಂದ ಮನೆಗೆ ಕರೆ ಮಾಡಿದ. ಎತ್ತಿದ್ದು ಮಾವ.

"ಏನಾಯ್ತು ಅಳಿಯಂದಿರೇ?"

"ಮಾವ, ನಾನು ನಾಳೆ ಬರೋಕಾಗಲ್ಲ. ಪಾಳಿ ನಂದೇ."

"ಮತ್ತೆ ಉಳಿದುಬಿಡ್ತಾ?" ಮಾವನ ದನಿ ಕುಗ್ಗಿತು. ಆ ದನಿಗೆ ಕೊಡೆಯಣ್ಣನಿಂದ ಇನ್ನೊಂದು ಪೆಟ್ಟು ಕೊಡಲಾಗಲಿಲ್ಲ.

"ಇಲ್ಲ ಮಾವ. ಒಂದು ತೊಟ್ಟೂ ಉಳೀಲಿಲ್ಲ. ಈ ಸಲ ಖಾಲಿಯಾದವರದ್ದೇ ಪಾಳಿ ಅಂತ ಮಾಡಿಬಿಟ್ಟಿದ್ದಾರೆ. ಕುಡಿದ ಒಬ್ಬರಿಗಂತೂ ಮೂಗೇ ಬಿಟ್ಟಿತು. ಕೇಳಿಕೊಂಡು ಬೀದಿವರೆಗೆ ಸಾಲು ನಿಂತಿದ್ರು."

ಆ ಕಡೆ ಕುರ್ಚಿ ಎಳೆದು ಕೂತ ಸದ್ದು ಕೇಳಿತು.

"ನಲವತ್ತು ವರ್ಷ ಕಲಸಿದ್ದೀನಿ ಅಳಿಯಂದಿರೇ," ಎಂದರು ಮಾವ. "ಸೀಸೆ ಪೂರ್ತಿ ಕುಡಿದವರು ಒಬ್ಬರೂ ಇರಲಿಲ್ಲ. ನನಗೆ ಇನ್ನು ಬೆಟ್ಟ ಯಾಕೆ, ಹಿಮ ಯಾಕೆ? ಅಮ್ಮ ಮಗಳು ಇಬ್ಬರೂ ಹೋಗಿಬರಲಿ. ನಾನು ಇಲ್ಲೇ ನಿಮ್ಮ ಜೊತೆ ಇದ್ದುಬಿಡ್ತೀನಿ. ಹತ್ತು ದಿನ, ದಿನಕ್ಕೆ ನಾಲ್ಕು ಲೋಟ, ಬಿಸಿ ಬಿಸಿ, ಕೌಂಟರಿಗೇ ತಂದುಕೊಡ್ತೀನಿ. ಎದುರಿಗೇ ಕೂತು ಕುಡಿಸ್ತೀನಿ."

"ಮಾವ, ನಿಮಗ್ಯಾಕೆ ತೊಂದರೆ..."

"ಏನೂ ತೊಂದರೆಯಿಲ್ಲ. ಇವತ್ತಾದ್ರೆ ಹೊರಗಿನವರು ಕುಡಿಯೋದು ಅಂತ ಎಲ್ಲಾನೂ ಅರ್ಧಕ್ಕರ್ಧ ಕಡಿಮೆ ಹಾಕಿದ್ದೆ. ಮನೆಯವರಿಗೆ ಹಾಗೆಲ್ಲ ಮೋಸ ಮಾಡೋಕಾಗುತ್ತಾ?"