ಅತ್ತಿಗೆಯ ಚುಕ್ಕಿಗೆ ಪೇಡೆ

ನಮ್ಮ ಅತ್ತಿಗೆಯ ಲೆಕ್ಕದಲ್ಲಿ ಕಮಲಾಪುರದಿಂದ ಕಲಬುರಗಿ ಬಹಳ ದೂರ. ಬೆಳಕು ಕೋಟಿ ವರ್ಷ ನಡೆದು ಬಂದು ಮುಟ್ಟುವ ಗೆಲಾಕ್ಸಿ ಮಾತ್ರ ಹತ್ತಿರ! ಇಂಥವರನ್ನು ನೀವು ಕಂಡಿದ್ದೀರಾ?

ಕಮಲಾಪುರದ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಾರೆ. ರಜೆಯ ದಿನ ಅಣ್ಣ ಕೆಂಪು ಬಾಳೆಯ ತೋಟಕ್ಕೆ ಹೋದರೆ ಇವರು ಕಂಪ್ಯೂಟರಿನ ಮುಂದೆ. ದೊಡ್ಡ ರೇಡಿಯೊ ದೂರದರ್ಶಕಗಳು ತೆಗೆದು, ಯಾರು ಬೇಕಾದರೂ ನೋಡಲಿ ಎಂದು ಬಿಟ್ಟಿಯಾಗಿ ಇಟ್ಟ ಚಿತ್ರಗಳನ್ನು ಜೋಡಿಸಿ, ಹಳೆಯದರಲ್ಲಿಲ್ಲದ ಚುಕ್ಕಿ ಹೊಸದರಲ್ಲಿದೆಯೇ ಎಂದು ಹುಡುಕುತ್ತಾರೆ. ಬಿಟ್ಟಿ ಎಂದಾಗ ನನಗೂ ಗೌರವ ಮೂಡಿತು, ಸುಳ್ಳೇಕೆ? ಆದರೂ ನಾನು ಕಲಬುರಗಿಯ ಬೇಳೆ ವ್ಯಾಪಾರಿ. ನಂದೂರಿನ ಮಿಲ್ಲಿನಲ್ಲಿ ಚೀಲ ಬಿಚ್ಚಿಸಿ, ಮುಷ್ಟಿ ತುಂಬ ತೆಗೆದು ನೋಡದೆ ಏನನ್ನೂ ಕೊಂಡವನಲ್ಲ. ಅಣ್ಣನ ಮನೆಗೆ ಹೋದಾಗಲೆಲ್ಲ ಅತ್ತಿಗೆಯನ್ನು ಕೇಳುತ್ತಿದ್ದೆ.

“ವೈನಿ, ಚುಕ್ಕಿ ಸಿಕ್ತೇನ್ರಿ? ಸಿಕ್ಕರ ಏನ್ ಮಾಡ್ತೀರಿ?”

“ಮೊದಲ ಸಿಗಲಿ ತಡಿಯೋ ಸಾವಕಾರ.”

ಒಂದು ದಿನ ಸಿಕ್ಕೇ ಬಿಟ್ಟಿತು. ಆದರೆ ಒಂದೇ ಚಿತ್ರದಲ್ಲಿ ಕಂಡದ್ದು ಯಂತ್ರದ ಕಸವೂ ಆಗಿರಬಹುದಂತೆ. ಚುಕ್ಕಿ ಆರಿಹೋಗುವ ಮೊದಲು ದೂರದರ್ಶಕ ಮತ್ತೊಮ್ಮೆ ಅತ್ತ ತಿರುಗಬೇಕು. ಅದನ್ನು ನಡೆಸುವವರಿಗೆ ಅತ್ತಿಗೆ ಬರೆಯಲು ಕುಳಿತರು. ಸಲಹೆ ಕೊಡದೆ ಇರುವವನೇ ನಾನು?

“ಅವಸರ ತೋರಿಸಬ್ಯಾಡ್ರಿ ವೈನಿ. ನೋಡಿದ್ರ ನೋಡ್ರಿ, ಇಲ್ಲಂದ್ರ ಬಿಡ್ರಿ ಅಂತ ಬರೀರಿ.”

ಅವರು ಕೈಮುಗಿದು ಬೇಡಿಕೊಂಡಂತೆ ಬರೆದರು. ಹೀಗೆ ಚೌಕಾಸಿ ಮಾಡಿದ್ದರೆ ನನ್ನ ಅಂಗಡಿ ಎಂದೋ ಮುಚ್ಚುತ್ತಿತ್ತು. ಆಶ್ಚರ್ಯ ನೋಡಿ, ಆ ವಾರವೇ ದೂರದರ್ಶಕ ತಿರುಗಿತು!

ಅಂಗಡಿಯಲ್ಲಿದ್ದಾಗ ಫೋನು ಬಂತು. ಅತ್ತಿಗೆ ಒಂದೇ ಉಸಿರಿಗೆ ಹೇಳಿದರು.

“ಚುಕ್ಕಿ ಅರ್ಧಕ್ಕ ಇಳಿದದೋ!”

ನಮ್ಮ ಕಸುಬಿನಲ್ಲಿ ಯಾವುದರ ದರ ಅರ್ಧಕ್ಕೆ ಇಳಿದರೂ ಸಂತಾಪ ಹೇಳುವುದು ವಾಡಿಕೆ. “ಹೋಗ್ಲಿ ಬಿಡ್ರಿ ವೈನಿ, ಏರೂದು ಇಳಿಯೂದು ಇದ್ದದ್ದೇ. ಧೈರ್ಯ ಬಿಡಬ್ಯಾಡ್ರಿ.”

“ಏ ಹುಚ್ಚಪ್ಪಾ, ಚುಕ್ಕಿ ಇದ್ದಲ್ಲೇ ಅದ, ಹೊಳಪು ಅರ್ಧ ಆಗ್ಯದ. ಕಸ ಆಗಿದ್ರ ಎರಡನೇ ಸಲ ಅಲ್ಲೇ ಕಾಣ್ತಿತ್ತೇನು?”

“ಹಂಗಾದ್ರ ಅದು ಏನ್ರಿ?”

“ಯಾರಿಗೂ ಗೊತ್ತಿಲ್ಲ!”

ಗೊತ್ತಿಲ್ಲ ಎಂದು ಇಷ್ಟು ಹಿಗ್ಗುವವರನ್ನು ನಾನು ಮಾರುಕಟ್ಟೆಯಲ್ಲಿ ಕಂಡಿಲ್ಲ. ಆಮೇಲೆ ಅವರ ದನಿ ತಗ್ಗಿತು.

“ಮೊದಲ ನಿನಗೇ ಹೇಳ್ಲಿಕತ್ತೀನಿ. ನಿಮ್ಮಣ್ಣನ್ನ ಹಿಡಿದು ಎಲ್ಲಾರೂ ಕೇಳೂದೇ ಬಿಟ್ಟಾರ. ನೀ ಒಬ್ಬನೇ ಬಂದಾಗೆಲ್ಲಾ ಕೇಳ್ದಿ.”

ಫೋನಿಟ್ಟವನೇ ಪೇಡೆ ತರಿಸಿ ಅಂಗಡಿಗೆ ಬಂದವರಿಗೆಲ್ಲ ಹಂಚಿದೆ. ಹಳೆಯ ಗಿರಾಕಿಯೊಬ್ಬರು ಬಾಯಿಗೆ ಹಾಕಿಕೊಂಡು ಕೇಳಿದರು.

“ಮನ್ಯಾಗ ಗಂಡೋ ಹೆಣ್ಣೋ, ಸಾವಕಾರ್ರ?”

“ಏನಂತ ಇನ್ನಾ ಗೊತ್ತಾಗಿಲ್ರೀ,” ಎಂದೆ. “ಬಂದದ್ದು ಮಾತ್ರ ಖರೆ.”