ಬಿಸಿಲು ತಿನ್ನುವ ಕ್ಯಾಮೆರಾ

ನಮ್ಮ ಸೋದರಮಾವನ ಕ್ಯಾಮೆರಾ ಬಿಸಿಲಿನಿಂದ ನಡೆಯುತ್ತದೆ ಎಂದು ಎಂಬತ್ತರ ದಶಕದಲ್ಲಿ ಎಲ್ಲರೂ ನಂಬಿದ್ದರು. ಸೆಲ್ ಹಾಕಲು ಅದರಲ್ಲಿ ಜಾಗವೇ ಇರಲಿಲ್ಲ. ಆದರೂ ಗುಂಡಿ ಒತ್ತಿದರೆ ಗರ್ ಎಂದು ಫೋಟೊ ಹೊರಗೆ ಬರುತ್ತಿತ್ತು. ಕಲಬುರಗಿಯಲ್ಲಿ ಪುಕ್ಕಟೆ ಸಿಗುವುದು ಬಿಸಿಲು ಬಿಟ್ಟರೆ ಇನ್ನೇನು? ವಿಜ್ಞಾನ ಓದಿದ್ದ ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೂ ನನ್ನಲ್ಲಿ ಬೇರೆ ಉತ್ತರವಿರಲಿಲ್ಲ. ಹೀಗಾಗಿ ಮಾವನ ಫೋಟೊ ಅಂಗಡಿಯಲ್ಲಿ ಏನಾದರೊಂದು ನಡೆಯುತ್ತಲೇ ಇತ್ತು.

೧. ಕೋಟು

ಅಂಗಡಿ ಇದ್ದದ್ದು ದರ್ಗಾದ ಹತ್ತಿರ, ರೋಜಾ ಓಣಿಯಲ್ಲಿ. ಉರುಸಿಗೆ ಬಂದ ಹಿರಿಯರೊಬ್ಬರು ಫೋಟೊ ತೆಗೆಸಿದರು. ಕೈಗೆ ಬಂದದ್ದು ಮಸುಕು ಹಾಳೆ.

“ಇದರಾಗ ನಾ ಎಲ್ಲಿದ್ದೀನ್ರೀ?”

“ಬರಾಕತ್ತೀರಿ ಚಾಚಾ, ಸ್ವಲ್ಪ ತಡೀರಿ.”

ಮೊದಲು ಕರಿ ಕೋಟು ಮೂಡಿತು, ಆಮೇಲೆ ಮುಖ.

“ನನಗಿಂತ ಮೊದಲ ಕೋಟು ಬಂತಲ್ಲೋ!”

೨. ಹಪ್ಪಳ

ಫೋಟೊ ಹಾಳೆಗಳು ಚಪ್ಪಟೆ ಡಬ್ಬಿಯಲ್ಲಿ ಬರುತ್ತಿದ್ದವು. ಮಾವ ಡಬ್ಬಿ ತುಂಬಿದ ಕ್ಯಾಮೆರಾವನ್ನು ದಿನಾ ಮುಂಜಾನೆ ಮಾಳಿಗೆ ಮೇಲೆ, ಹಪ್ಪಳದ ಪಕ್ಕ ಇಡುತ್ತಿದ್ದ.

“ಕಾಗಿ ಬರದಂಗ ಹಪ್ಪಳ ಕಾಯಲ್ಯೋ, ನಿಮ್ಮ ಕ್ಯಾಮೆರಾ ಕಾಯಲ್ಯೋ?” ಎಂದು ಅತ್ತೆ ರೇಗುತ್ತಿದ್ದಳು.

ಕಾದ ಹಾಳೆಗಳಲ್ಲಿ ಗಿರಾಕಿಗಳೆಲ್ಲ ಕಾಮಾಲೆಯವರಂತೆ ಕಂಡರು. ಮಾವ ಧೈರ್ಯವಾಗಿ ಹೇಳಿದ, “ಬಂಗಾರದ ಕಲರ್ ಅದರೀ.”

೩. ಮೋಡ

ನಮ್ಮೂರ ಗಾಜಿಪುರ ಓಣಿಯ ಹುಡುಗನಿಗೆ ಹತ್ತಿರದ ಕಮಲಾಪುರದ ಹುಡುಗಿ ಮೆಚ್ಚುಗೆಯಾಗಿದ್ದಳು. ಹಾಸಿಗೆ ಹಿಡಿದ ಅವನ ಅಜ್ಜಿ ಮಾತ್ರ, “ಮುಖ ನೋಡದ ಹೂಂ ಅನ್ನಂಗಿಲ್ಲ. ಸಂಜಿ ಬಸ್ಸಿಗೆ ಫೋಟೊ ಬರಲಿಲ್ಲಂದ್ರ ಬ್ಯಾರೆ ಕಡಿ ಮಾತು ಕೊಡ್ತೀನಿ” ಎಂದು ಹೇಳಿ ಕಳಿಸಿದ್ದಳು.

ಕಮಲಾಪುರಕ್ಕೆ ಹೋದ ಮಾವ ಹುಡುಗಿಯನ್ನು ಅಂಗಳದಲ್ಲಿ ನಿಲ್ಲಿಸಿ ಗುಂಡಿ ಒತ್ತಿದ. ಸದ್ದಿಲ್ಲ. ಮೇಲೆ ನೋಡಿದ. ಮೋಡ.

“ಬಿಸಿಲಿಲ್ಲರೀ. ಕ್ಯಾಮೆರಾ ಹಸದದ.”

ಬೀಗರೆಲ್ಲ ಅಂಗಳದಲ್ಲಿ ಕೂತು ಕೆಂಪು ಬಾಳೆಹಣ್ಣು ತಿನ್ನುತ್ತ ಆಕಾಶ ಕಾದರು. ಹುಡುಗಿಯ ಅಪ್ಪ ಕೈಮುಗಿದು ನಿಂತ. ಬಸ್ಸಿನ ಹೊತ್ತಾಗುತ್ತಿತ್ತು.

ಹುಡುಗಿಯೇ ಬಾಯಿ ಬಿಟ್ಟಳು: “ಮಾಮಾ, ಆ ಡಬ್ಬಿ ಬದಲಿ ಮಾಡಿ ನೋಡ್ರಿ.”

“ಡಬ್ಬ್ಯಾಗ ಏನದವ್ವಾ? ಬರೀ ಹಾಳಿ.”

ಕಡೆಗೆ ಮೋಡ ಸರಿಯಿತು. ಮಾವ ಮತ್ತೆ ಒತ್ತಿದ. ಸದ್ದಿಲ್ಲ. ಹುಡುಗಿ ಅಳುವಂತಾದಳು. ಅವಳ ಸಮಾಧಾನಕ್ಕೆಂದು ಚೀಲದಲ್ಲಿದ್ದ, ಬಿಸಿಲು ಕಾಣದ ಹೊಸ ಡಬ್ಬಿ ತೂರಿಸಿದ.

ಗರ್!

ಬೀಗರು ಎದ್ದು ಸೂರ್ಯನಿಗೆ ಕೈಮುಗಿದರು. “ನೋಡಿದ್ರ್ಯಾ? ಬಿಸಿಲು ಈಗ ಹತ್ತಿತು” ಎಂದ ಮಾವ. ಸಂಜೆ ಅಜ್ಜಿ ಫೋಟೊ ನೋಡಿ ಹೂಂ ಅಂದಳು.

ಮಾವ ಈಗಿಲ್ಲ. ಅವನ ಬೆಂಚಿನ ಗಿಡ್ಡ ಕಾಲಿನಡಿ ಆಸರೆಗಿಟ್ಟಿದ್ದ ಖಾಲಿ ಡಬ್ಬಿಯನ್ನು ಮೊನ್ನೆ ಬಿಚ್ಚಿದೆ. ಹಾಳೆಗಳನ್ನು ಮೇಲಕ್ಕೆ ಒತ್ತುವ ಸ್ಪ್ರಿಂಗು ಇತ್ತು. ಅದರ ಕೆಳಗೆ, ಹಪ್ಪಳದಷ್ಟು ತೆಳ್ಳಗೆ, ಸೆಲ್ ಇತ್ತು.