ಹಗುರವಾದ ಕಲ್ಲು

ಎರಡು ಕಲ್ಲುಗಳಲ್ಲಿ ಮೆದೆರ್ ಹಗುರವಾದದ್ದನ್ನು ಆರಿಸಿಕೊಂಡ. ಆ ದಿನದ ಫಜೀತಿಗೆಲ್ಲ ಅದೇ ಮೂಲ.

ಬೆಳಗಿನ ಏಳು ಗಂಟೆ. ಗೋರಿಕಲ್ಲು ಕೆತ್ತುವವನು ಇನ್ನೂ ಬಂದಿರಲಿಲ್ಲ. ಅವನ ಹೆಂಡತಿ ಗೋಡೆಗೆ ಒರಗಿಸಿದ್ದ ಎರಡು ಕಂಬಳಿಗಂಟುಗಳನ್ನು ತೋರಿಸಿ, "ಎರಡು ಕಲ್ಲಲ್ಲೂ ಕೆತ್ತಿರೋದು ಮುದುಕರ ಮುಖಾನೇ. ಒಂದು ನಿಮ್ಮದು, ಇನ್ನೊಂದು ಆಚೆ ಕಣಿವೆಯವರದ್ದು. ಬಿಚ್ಚಿ ನೋಡ್ಕೊಳ್ಳಿ," ಎಂದಳು.

"ಬಿಚ್ಚೋದು ಗಿಚ್ಚೋದು ಬೇಡ," ಎಂದಳು ಮೆದೆರನ ಅತ್ತೆ ಬುರುಲ್, ಕಾರಿನೊಳಗಿಂದಲೇ. "ಮನೆ ಅಂಗಳದಲ್ಲಿ ಕುರಾನ್ ಓದಿ ಆಮೇಲೆ ನಿನ್ನ ಮಾವನ ಮುಖ ನೋಡೋದು. ರಸ್ತೆ ಬದೀಲಲ್ಲ."

ಮೆದೆರ್ ಎರಡು ಗಂಟುಗಳನ್ನೂ ಒಂದೊಂದು ತುದಿ ಎತ್ತಿ ನೋಡಿದ. "ಮಾವ ಬಡಕಲು ಮನುಷ್ಯ. ಇದೇ ಇರಬೇಕು," ಎಂದು ಹಗುರವಾದದ್ದನ್ನು ತೋರಿಸಿದ. ನಿಜ ಹೇಳಬೇಕೆಂದರೆ ಅವನು ಆಗ ಯೋಚಿಸಿದ್ದು ಮಾವನ ಮೈಕಟ್ಟನ್ನಲ್ಲ, ಕಾರಿನ ಬ್ಯಾಟರಿಯನ್ನು.

ಅದಕ್ಕೆ ಕಾರಣವಿತ್ತು. ಮಾವ ಶಾರ್ಶೆನ್ ಬದುಕಿದ್ದಾಗ ಊರೆಲ್ಲ ಕೇಳುವಂತೆ, "ಈ ಅಳಿಯ ನನ್ನ ಗೋರಿಗೂ ತಡವಾಗೇ ಬರ್ತಾನೆ," ಎಂದಿದ್ದ. ಹೋದ ವರ್ಷ ಮಾವ ತೀರಿಕೊಂಡಾಗ ಹಾಗೇ ಆಯಿತು. ಹಳೆಯ ಕಾರು ಘಾಟಿಯಲ್ಲಿ ಕುದ್ದು ನಿಂತಿತು. ಮೆದೆರ್ ತಲುಪುವಾಗ ಮಣ್ಣು ಮುಚ್ಚಿಯಾಗಿತ್ತು. ಒಂದು ಹಿಡಿ ಮಣ್ಣೂ ಅವನ ಕೈಯಿಂದ ಬೀಳಲಿಲ್ಲ. ಆ ನೋವು ಅವನನ್ನು ಬಿಟ್ಟಿರಲಿಲ್ಲ. ಇವತ್ತು ವರ್ಷದ ಊಟ. ಮಧ್ಯಾಹ್ನದ ನಮಾಜಿಗೆ ಮೊದಲು ಕಲ್ಲು ನಿಲ್ಲಿಸಬೇಕು, ಅದರ ಒಂದು ಅಂಚನ್ನು ತಾನೇ ಹಿಡಿಯಬೇಕು. ಅವನಿಗೆ ಬೇಕಾಗಿದ್ದದ್ದು ಅಷ್ಟೇ.

ಅದಕ್ಕೆಂದೇ ಈ ಕಾರು ಕೊಂಡಿದ್ದ. ಪೆಟ್ರೋಲಿಗೂ ಓಡುತ್ತದೆ, ಚಾರ್ಜಿಗೂ ಓಡುತ್ತದೆ. ಆದರೆ ಏರಿನ ನಡುವೆ ಚಾರ್ಜು ಬತ್ತಿತೋ, ಬಡಪಾಯಿ ಎಂಜಿನ್ನು ಒಂಟಿಯಾಗಿ ಅರಚುತ್ತಾ ತೆವಳುತ್ತದೆ.

"ಬಯಲಲ್ಲೇ ಚಾರ್ಜು ಉಳಿಸೋ ಗುಂಡಿ ಒತ್ತಿ ಭಾವ," ಎಂದ ಪಕ್ಕದಲ್ಲಿ ಕೂತ ಭಾವಮೈದುನ ಸುವಾನ್. ಅವನಿಗಿದ್ದದ್ದು ಒಂದು ಕುದುರೆ ಮಾತ್ರ.

"ಒತ್ತಿದ್ದೀನಿ."

"ಹಾಗಾದ್ರೆ ಈಗ ತೆಗೀರಿ. ಏರು ಬಂತು."

"ಕಾಲು ಮರಗಟ್ಟಿದೆ," ಎಂದಳು ಬುರುಲ್ ಹಿಂದಿನಿಂದ. "ಹೀಟರ್ ಹಾಕು."

"ಚಾರ್ಜು ಹೋಗುತ್ತೆ ಅತ್ತೆ."

"ನಿನ್ನ ಮಾವನೂ ಹೀಗೇ ಒಲೆಗೆ ಸೌದೆ ಎಣಿಸಿ ಹಾಕ್ತಿದ್ದ. ನೋಡು, ಈಗ ಎಷ್ಟು ತಣ್ಣಗೆ ಮಲಗಿದ್ದಾನೆ."

ಸುವಾನ್ ಫೋನಿಗೆ ವೈರು ಚುಚ್ಚಿದ, ಮೆದೆರ್ ಕಿತ್ತ. ತನ್ನ ಫೋನು ಸತ್ತಿದ್ದರೂ ಅದನ್ನು ಹಾಗೆಯೇ ಜೇಬಿಗಿಳಿಸಿದ. ಬ್ಯಾಟರಿಯ ಅಂಕಿ ಇಳಿಯುತ್ತಾ ಹೋಯಿತು: ತೊಂಬತ್ತು, ಐವತ್ತು, ಹದಿನಾರು. ಕೊನೆಯ ತಿರುವಿನಲ್ಲಿ ಅಂಕಿ ಹನ್ನೊಂದಕ್ಕೆ ಬಂತು, ಊರೂ ಬಂತು. ಗಂಟೆ ಇನ್ನೂ ಹತ್ತಾಗಿರಲಿಲ್ಲ. ಮೆದೆರನ ಕಣ್ಣು ತುಂಬಿತು.

ಅಂಗಳದಲ್ಲಿ ಊರವರೆಲ್ಲ ಸೇರಿದ್ದರು. ಮುಲ್ಲಾ ಕುರಾನ್ ಓದಿ ಮುಗಿಸಿದ. ಕಂಬಳಿ ತೆಗೆದರು. ಕರಿಯ ಕಲ್ಲಿನ ಮೇಲಿಂದ ಕೆನ್ನೆ ತುಂಬಿದ, ಎದೆ ತುಂಬ ಪದಕಗಳ ಮುದುಕನೊಬ್ಬ ಎಲ್ಲರನ್ನೂ ಗಂಭೀರವಾಗಿ ನೋಡಿದ.

ಬುರುಲ್ ಕಲ್ಲಿನ ಹತ್ತಿರ ಬಗ್ಗಿದಳು.

"ಇವರು ಯಾರಪ್ಪ?" ಎಂದಳು ಬುರುಲ್.

"ಯಾರಾದ್ರೇನು, ಓದಿದ್ದು ಓದಿಯಾಯ್ತು. ಅವರಿಗೂ ಸಲ್ಲಲಿ," ಎಂದ ಮುಲ್ಲಾ. ಎಲ್ಲರೂ ಅಂಗೈಯಿಂದ ಮುಖ ಸವರಿಕೊಂಡರು.

"ನಮ್ಮ ಭಾವ ತೂಕ ನೋಡಿ ತಂದ್ರು," ಎಂದ ಸುವಾನ್, ಯಾರೂ ಕೇಳದಿದ್ದರೂ.

ಮೆದೆರ್ ಕಲ್ಲನ್ನು ಮತ್ತೆ ಕಾರಿಗೆ ಹೇರಿಸಿ ಒಬ್ಬನೇ ಘಾಟಿ ಇಳಿದ. ಇಳಿಜಾರಿನಲ್ಲಿ ಈ ಕಾರು ಕಳೆದುಕೊಂಡದ್ದನ್ನು ಮರಳಿ ಗಳಿಸುತ್ತದೆ. ಹೊರೆ ಹೆಚ್ಚಿದ್ದಷ್ಟೂ ಗಳಿಕೆ ಹೆಚ್ಚು. ಪದಕಗಳ ಮುದುಕ ಹಿಂದಿನಿಂದ ದೂಡುತ್ತಿದ್ದ, ಅಂಕಿ ಏರುತ್ತಿತ್ತು. ಇಪ್ಪತ್ತೆರಡು. ಮೂವತ್ತೆಂಟು. ನಡುವೆ ಒಂದು ಲಾರಿ ಎದುರಾಯಿತು. ಹಿಂದೆ ಕಂಬಳಿ ಸುತ್ತಿದ ಏನೋ ಇತ್ತು. ಚಾಲಕ ಎದೆಗೆ ಕೈಯಿಟ್ಟು ಸಲಾಂ ಮಾಡಿದ. ಮೆದೆರನೂ ಮಾಡಿದ, ಕಣ್ಣು ಮಾತ್ರ ಅಂಕಿಯ ಮೇಲಿತ್ತು. ಕೆಳಗೆ ತಲುಪಿದಾಗ ಅರವತ್ತಮೂರು. ಈಗ ಸರಿಯಾದ ಕಲ್ಲು ಹೇರಿಕೊಂಡರೆ ನಮಾಜಿನ ಹೊತ್ತಿಗೆ ಮೇಲಿರಬಹುದು.

ಕಲ್ಲು ಕೆತ್ತುವವನು ಬಾಗಿಲಲ್ಲೇ ನಿಂತಿದ್ದ. "ಬೆಳಗಿಂದ ನಿಮಗೆ ಎಷ್ಟು ಸಲ ಫೋನ್ ಮಾಡೋದು? ಆಚೆ ಕಣಿವೆಯವರು ಬಂದಿದ್ರು. ತಮ್ಮ ಊಟ ನಾಳೆ, ನಿಮ್ಮದು ಇವತ್ತೇ, ಕಲ್ಲಿಲ್ಲದೆ ನಿಲ್ಲಬಾರದು ಅಂತ ಅವರೇ ಲಾರೀಲಿ ನಿಮ್ಮ ಮಾವನ್ನ ತಗೊಂಡು ಹೋದ್ರು. ತಮ್ಮದನ್ನ ಅಲ್ಲೇ ಹೇರಿಕೊಂಡು ಬರ್ತಾರಂತೆ."

ಮೆದೆರ್ ಅವನ ಫೋನು ತೆಗೆದುಕೊಂಡು ಅತ್ತೆಗೆ ಕರೆ ಮಾಡಿದ.

"ಕಲ್ಲು ನಿಂತಿತಪ್ಪ," ಎಂದಳು ಬುರುಲ್. "ನಮಾಜಿಗೆ ಮೊದಲೇ. ಒಂದು ಕಡೆ ಸುವಾನ್ ಹಿಡಿದ, ಇನ್ನೊಂದು ಕಡೆ ಆ ಲಾರಿಯವನು. ನಿನ್ನ ಮಾವ ಚೆನ್ನಾಗಿ ಬಂದಿದ್ದಾನೆ. ಏನೋ ನಗ್ತಾ ಇರೋ ಹಾಗಿದೆ."

ಮೆದೆರ್ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದ.

"ಕೇಳಿಸ್ತಾ? ಆ ಪುಣ್ಯಾತ್ಮರನ್ನ ಊಟಕ್ಕೆ ಕೂರಿಸಿದ್ದೀವಿ. ಮಾಂಸ ಬೇಯೋಕೆ ಇನ್ನೂ ಹೊತ್ತಿದೆ, ಬಡಿಸೋ ಮೊದಲು ಅತಿಥಿಗಳನ್ನ ಎಬ್ಬಿಸೋಕಾಗಲ್ಲ. ಅವರ ಕಲ್ಲು ಸಂಜೆಯೊಳಗೆ ಅವರ ಊರಿಗೆ ಮುಟ್ಟುತ್ತೆ ಅಂತ ಮಾತು ಕೊಟ್ಟುಬಿಟ್ಟೆ. ನಿನ್ನ ಕಾರಲ್ಲಿ ಚಾರ್ಜು ಇದೆಯಲ್ಲ?"

ಮೆದೆರನಿಗೆ ಅರವತ್ತಮೂರು ನೆನಪಾಯಿತು. ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ಇದೆ ಅತ್ತೆ."

"ಆಚೆ ಕಣಿವೆಯ ಘಾಟಿ ನಿಮ್ಮದಕ್ಕಿಂತ ಎತ್ತರ," ಎಂದ ಕಲ್ಲು ಕೆತ್ತುವವನು ಫೋನು ಹಿಂದಕ್ಕೆ ಪಡೆಯುತ್ತಾ.

ಮೆದೆರ್ ಕಾರಿಗೆ ಮರಳಿದ. ಹಿಂದಿನ ಬಾಗಿಲು ತೆಗೆದು, ಜಾರಿದ್ದ ಕಂಬಳಿಯನ್ನು ಪದಕಗಳ ಮುದುಕನ ಮುಖದ ಮೇಲೆ ಸರಿಯಾಗಿ ಹೊದಿಸಿದ. ಆ ದಿನ ಮೊದಲ ಬಾರಿಗೆ ಹೀಟರ್ ಹಾಕಿದ.

"ನಿಮಗಾದ್ರೂ ತಡ ಆಗೋದು ಬೇಡ," ಎಂದು ಕಲ್ಲಿನ ಮುದುಕನಿಗೆ ಹೇಳಿ ಹೊರಟ.